ಫಾರ್ಮಕೊಕೈನೆಟಿಕ್ಸ್, ಮೂರು ಕ್ರೆಡಿಟ್

ನಿಯಮದ ಪುಸ್ತಕ ಬಾಯಿಪಾಠ ಇರುವ ಮನುಷ್ಯ ನಾನು. ಹೆಸರು ಶೇಖರಪ್ಪ. ಚಿಕ್ಕಜಾಲ ದಾಟಿದ ಮೇಲೆ ಏರ್‌ಪೋರ್ಟ್ ರಸ್ತೆಯ ಪಕ್ಕಕ್ಕೆ ಸಿಗುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ, ಫಾರ್ಮಸಿ ವಿಭಾಗದ ಆಫೀಸ್ ಸೂಪರಿಂಟೆಂಡೆಂಟ್. ಹುಡುಗರು ಬೆನ್ನ ಹಿಂದೆ ನನಗೆ ಏನೇನೋ ಹೆಸರಿಟ್ಟಿದ್ದಾರೆ, ಅದೆಲ್ಲ ಇಲ್ಲಿ ಬೇಡ. ಯಾರು ಎಷ್ಟೇ ಗೋಗರೆದರೂ ಒಂದು ಕ್ರೆಡಿಟ್ ಕಮ್ಮಿ ಇದ್ದರೆ ಕಮ್ಮಿಯೇ, ಒಂದು ದಿನ ತಡವಾದರೆ ತಡವೇ. ಈ ಬಿಗಿಯಿಂದಲೇ ವಿಭಾಗ ನಿಂತಿದೆ ಎಂದು ನಾನು ತುಂಬಾ ವರ್ಷ ನಂಬಿದ್ದೆ.

ನಮ್ಮಲ್ಲಿ ಕೆಲಸದಲ್ಲಿರುವವರಿಗಾಗಿ ಒಂದು ಸ್ನಾತಕೋತ್ತರ ಪದವಿ ಇದೆ. ಸಂಶೋಧನೆ ಮಾಡಿ ಪ್ರಬಂಧ ಬರೆಯುವ ಗೋಜಿಲ್ಲ. ಬರೀ ಪಾಠ, ಪರೀಕ್ಷೆ. ಹನ್ನೆರಡು ವಿಷಯ, ವಿಷಯಕ್ಕೆ ಮೂರರಂತೆ ಮೂವತ್ತಾರು ಕ್ರೆಡಿಟ್. ಯಾವುದರಲ್ಲೂ ಬಿ ಗ್ರೇಡಿಗಿಂತ ಕೆಳಗೆ ಇಳಿಯುವಂತಿಲ್ಲ. ಕೊನೆಗೊಂದು ಸೆಮಿನಾರು. ಎಲ್ಲವೂ ನಾಲ್ಕು ವರ್ಷದೊಳಗೆ ಮುಗಿಯಬೇಕು, ಅದು ಮೀರಿದರೆ ಮೊದಲ ವರ್ಷ ಓದಿದ ವಿಷಯಗಳೆಲ್ಲ ರದ್ದು. ಪಿಎಚ್.ಡಿ. ಮಾಡುವವರು ಈ ಪದವಿಯನ್ನು ಕಂಡರೆ ಮೂಗು ಮುರಿಯುತ್ತಾರೆ. ಸುಳ್ಳು ಯಾಕೆ ಹೇಳಲಿ, ನಾನೂ ಮುರಿಯುತ್ತಿದ್ದೆ. ಲ್ಯಾಬಿನಲ್ಲಿ ಇಲಿ ಹಿಡಿಯದೆ, ದಪ್ಪ ಪ್ರಬಂಧಕ್ಕೆ ಬೈಂಡ್ ಹಾಕಿಸದೆ ಅದೆಂಥ ಪದವಿ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಈ ಜೂನ್ ಮೊದಲ ವಾರ ಪದವಿ ಪಡೆಯುವವರ ಹಾಳೆಗಳನ್ನು ಕೊನೆಯ ಸಲ ತಾಳೆ ನೋಡುತ್ತಿದ್ದೆ. ಧನಲಕ್ಷ್ಮಿಯವರ ಹಾಳೆಗೆ ಬಂದೆ. ಹನ್ನೊಂದು ವಿಷಯಕ್ಕೆ ಗ್ರೇಡು ಇತ್ತು, ಏಳಕ್ಕೆ ಎ, ನಾಲ್ಕಕ್ಕೆ ಬಿ. ಹನ್ನೆರಡನೆಯದು ಫಾರ್ಮಕೊಕೈನೆಟಿಕ್ಸ್. ಅದರ ಮುಂದೆ ಗ್ರೇಡು ಇರಲಿಲ್ಲ, ‘ಪಾಸ್’ ಎಂದು ಮಾತ್ರ ಇತ್ತು. ನಿಯಮ ಏಳರ ಪ್ರಕಾರ ಗ್ರೇಡಿಲ್ಲದ ವಿಷಯ ಪದವಿಗೆ ಲೆಕ್ಕವಿಲ್ಲ. ಅಲ್ಲಿಗೆ ಅವರದು ಮೂವತ್ತಾರಲ್ಲ, ಮೂವತ್ತಮೂರು. ಜೂನ್ ಮೂವತ್ತಕ್ಕೆ ಅವರ ನಾಲ್ಕು ವರ್ಷ ಮುಗಿಯುತ್ತಿತ್ತು.

ಆ ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಧನಲಕ್ಷ್ಮಿ ಪ್ರವೇಶದ ಫಾರಂ ಹಿಡಿದು ನನ್ನ ಮೇಜಿನ ಮುಂದೆ ಕೂತಿದ್ದರು. ಆಗ ಅವರಿಗೆ ನಲವತ್ಮೂರು. ಕೊಡಿಗೆಹಳ್ಳಿಯ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರು ಬಾಡಿಗೆ ಕಟ್ಟಡಗಳಿವೆ ಎಂದು ಯಾರೋ ಹೇಳಿದ್ದರು. ಕೈತುಂಬ ಬಳೆ, ರೇಷ್ಮೆ ಅಂಚಿನ ಸೀರೆ. ಬಿ.ಫಾರ್ಮಾ ಮುಗಿಸಿ ಇಪ್ಪತ್ತು ವರ್ಷವಾಗಿತ್ತು, ಸಹಕಾರನಗರದ ಒಂದು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಲ್ಲುತ್ತಿದ್ದರು. ಹೊತ್ತು ಹೋಗದೆ ಓದಲು ಬಂದಿದ್ದಾರೆ ಎಂದು ನಾನು ಒಂದೇ ನೋಟಕ್ಕೆ ತೀರ್ಮಾನ ಮಾಡಿಬಿಟ್ಟೆ. ಫಾರ್ಮಕೊಕೈನೆಟಿಕ್ಸ್ ಎಂದರೆ ತುಂಬಾ ಲೆಕ್ಕ, ಚೂಟಿ ಹುಡುಗರೇ ಅದರಲ್ಲಿ ಮಣ್ಣು ಮುಕ್ಕುತ್ತಾರೆ ಎಂದು ಕೇಳಿದ್ದೆ. ಫಾರಮ್ಮಿನಲ್ಲಿ ಪ್ರತಿ ವಿಷಯದ ಮುಂದೆ ‘ಗ್ರೇಡಿಗಾಗಿ’, ‘ಪಾಸಿಗಾಗಿ’ ಎಂಬ ಎರಡು ಚೌಕ ಇದ್ದವು. ಎರಡನೆಯದು ಬೇರೆ ವಿಭಾಗದಿಂದ ಸುಮ್ಮನೆ ಬಂದು ಕೂರುವವರಿಗೆ. ಪಾಪ, ಈ ಹೆಂಗಸು ಕಷ್ಟಪಡುವುದು ಬೇಡ ಎಂದು ಅದೊಂದು ವಿಷಯಕ್ಕೆ ನಾನೇ ಎರಡನೆಯ ಚೌಕಕ್ಕೆ ಟಿಕ್ ಹಾಕಿ, ಸಹಿ ಮಾಡುವ ಜಾಗ ತೋರಿಸಿದೆ. ಅವರು ಸಹಿ ಮಾಡಿದರು. ದೊಡ್ಡ ಉಪಕಾರ ಮಾಡಿದ ಹಮ್ಮಿನಲ್ಲಿ ನಾನು ಕಾಫಿಗೆ ಎದ್ದುಹೋದೆ.

ಆರು ತಿಂಗಳಿಗೆ ಫಲಿತಾಂಶ ಬಂದಾಗ ಅವರು ಮತ್ತೆ ಬಂದಿದ್ದರು. “ಸಾರ್, ಇದೊಂದ್ರಲ್ಲಿ ಗ್ರೇಡ್ ಬಂದಿಲ್ಲ,” ಎಂದರು. ನಾನು ತಲೆ ಎತ್ತದೆ, “ಪಾಸಾಗಿದೆ ಅಲ್ವಾಮ್ಮ, ಅಷ್ಟು ಸಾಕು,” ಎಂದಿದ್ದೆ. ಆಮೇಲೆ ವರ್ಷ ವರ್ಷವೂ ಅವರ ಹಾಳೆಯಲ್ಲಿ ಆ ಮೂರು ಕ್ರೆಡಿಟ್ಟನ್ನು ನಾನೇ ಕೂಡಿಸುತ್ತಾ ಬಂದೆ. ನನ್ನ ಲೆಕ್ಕವನ್ನು ಮತ್ತೆ ನೋಡುವವರು ವಿಭಾಗದಲ್ಲಿ ಯಾರೂ ಇಲ್ಲ. ಹಳೇ ಅಂಕ ನೋಡಿ ಈಗ ಗ್ರೇಡು ಕೊಡಿಸೋಣವೆಂದರೆ ಪಾಠ ಮಾಡಿದ್ದ ಮೇಷ್ಟ್ರು ಕೆಲಸ ಬಿಟ್ಟು ಹೋಗಿದ್ದರು, ಅಂಕಗಳ ದಾಖಲೆಯೂ ಉಳಿದಿರಲಿಲ್ಲ.

ಫೋನ್ ಮಾಡಿ ಕರೆಸಿದೆ. ಅಂಗಡಿಯಿಂದ ನೇರವಾಗಿ ಬಂದರು, ಬಿಳಿ ಕೋಟು ಮಡಿಚಿ ಬ್ಯಾಗಿನಲ್ಲಿ ತುರುಕಿಕೊಂಡಿದ್ದರು. ವಿಷಯ ಹೇಳಿದೆ. ಯಾರ ತಪ್ಪು ಎಂಬುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಕೂಗಾಡುತ್ತಾರೆ, ಯಾರಾದರೂ ಲೀಡರಿಗೆ ಫೋನ್ ಹಚ್ಚುತ್ತಾರೆ ಎಂದು ಕಾದೆ. ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಹಂಗಾದ್ರೆ ನಾಲ್ಕು ವರ್ಷ ಓದಿದ್ದು ಹೋಯ್ತಾ ಸಾರ್?”

“ಒಂದು ದಾರಿ ಇದೆ. ವಿಶೇಷ ಪರೀಕ್ಷೆ ಅಂತ. ಬೆಳಿಗ್ಗೆ ಬರೆಯೋದು, ಮಧ್ಯಾಹ್ನ ಮೂರು ಜನರ ಮುಂದೆ ಬಾಯಿಪರೀಕ್ಷೆ. ಒಂದೇ ಚಾನ್ಸು.”

“ಯಾವತ್ತು?”

“ಇಪ್ಪತ್ನಾಲ್ಕಕ್ಕೆ ಇಡಿಸ್ಬಹುದು.”

“ಹದಿನೇಳು ದಿನ ಇದೆ,” ಎಂದು ಬೆರಳು ಮಡಿಚಿ ಎಣಿಸಿದರು. “ಬರ್ತೀನಿ ಸಾರ್.”

ಅರ್ಜಿ ನಾನೇ ಟೈಪ್ ಮಾಡಿಕೊಟ್ಟೆ. ವಿಶೇಷ ಪರೀಕ್ಷೆಗೆ ಒಂದು ಷರತ್ತಿದೆ: ಕೊರತೆ ವಿದ್ಯಾರ್ಥಿಯ ಕೈಮೀರಿದ ಕಾರಣಕ್ಕೆ ಆಗಿರಬೇಕು. ತಾನೇ ಆರಿಸಿಕೊಂಡು ಆದ ಕೊರತೆಯಾದರೆ ಈ ಪರೀಕ್ಷೆ ಇಲ್ಲ, ಮುಂದಿನ ವರ್ಷ ಮತ್ತೆ ತರಗತಿಗೆ ಕೂರಬೇಕು. ಕಾರಣ ಬರೆಯುವ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ನನ್ನ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕೆಂಪು ಗೆರೆ ಬಿದ್ದಿಲ್ಲ. ‘ಕಾರಣಾಂತರಗಳಿಂದ’ ಎಂದು ಟೈಪ್ ಮಾಡಿದೆ. ಆಫೀಸಿನವರಿಗೆ ಆ ಒಂದು ಪದ ಎಷ್ಟು ಅನುಕೂಲ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಸಭೆ ಮುಂದೂಡಲು, ಲಿಫ್ಟ್ ಕೆಟ್ಟಿರಲು, ಮನುಷ್ಯ ಸತ್ತಿರಲು ಎಲ್ಲಕ್ಕೂ ಅದೇ ಸಾಕು, ಯಾರೂ ಮುಂದಕ್ಕೆ ಕೇಳುವುದಿಲ್ಲ. ಧನಲಕ್ಷ್ಮಿ ಈ ಸಲ ಅರ್ಜಿಯನ್ನು ಎರಡು ಬಾರಿ ಓದಿದರು. ಆ ಪದದ ಹತ್ತಿರ ಅವರ ಕಣ್ಣು ನಿಂತದ್ದನ್ನು ನಾನು ನೋಡಿದೆ. ನನ್ನ ಮುಖ ನೋಡಿದರು. ಸಹಿ ಹಾಕಿದರು.

ಇಪ್ಪತ್ನಾಲ್ಕರ ಬೆಳಿಗ್ಗೆ ಮೂರು ಗಂಟೆ ಬರೆದರು. ಕಾವಲು ಕೂತವನು ನಾನೇ. ಕ್ಯಾಲ್ಕುಲೇಟರು ತಂದಿದ್ದರೂ ಹೆಚ್ಚು ಮುಟ್ಟಲಿಲ್ಲ. ಪುಟದ ಅಂಚಿನಲ್ಲಿ ಸಣ್ಣದಾಗಿ ಗುಣಿಸಿ ಭಾಗಿಸಿ, ಉತ್ತರವನ್ನು ನಡುವೆ ದುಂಡಗೆ ಬರೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಅನೀಸಾ ಉತ್ತರ ಪತ್ರಿಕೆ ನೋಡಿ, “ಲೆಕ್ಕ ಎಲ್ಲ ಸರಿಯಾಗಿದೆ ಶೇಖರಪ್ಪ,” ಎಂದರು. ಅವರು ಸುಮ್ಮಸುಮ್ಮನೆ ಹೊಗಳುವವರಲ್ಲ. ನನಗೆ ಅರ್ಧ ಜೀವ ಬಂತು.

ಬಾಯಿಪರೀಕ್ಷೆಗೆ ಮೂವರು ಕೂತರು. ಅನೀಸಾ ಮೇಡಂ, ವಿಭಾಗದ ಒಬ್ಬ ಕಿರಿಯ ಅಧ್ಯಾಪಕರು, ಹೊರಗಿನ ಪರೀಕ್ಷಕರಾಗಿ ನಿವೃತ್ತಿಯ ಅಂಚಿನಲ್ಲಿದ್ದ ಪ್ರೊಫೆಸರ್ ನರಸಿಂಹಯ್ಯ. ನಡಾವಳಿ ಬರೆಯುವುದು ನನ್ನ ಕೆಲಸ. ನಡಾವಳಿ ಬರೆಯುವವನು ಬಾಯಿ ಬಿಡುವಂತಿಲ್ಲ, ಅದೂ ನಿಯಮವೇ. ಇಂಥ ಪರೀಕ್ಷೆಗಳಲ್ಲಿ ನಾನು ಸಾಮಾನ್ಯವಾಗಿ ಪ್ರಶ್ನೆಯ ಮೊದಲ ಸಾಲು ಬರೆದುಕೊಂಡು ‘ಸಮರ್ಪಕವಾಗಿ ಉತ್ತರಿಸಿದರು’ ಎಂದು ಸೇರಿಸುತ್ತೇನೆ. ಒಳಗೆ ಏನಿದೆ ಎಂದು ಕೇಳಿಸಿಕೊಂಡವನೇ ಅಲ್ಲ. ಫಾರ್ಮಕೊಕೈನೆಟಿಕ್ಸ್, ಮೂರು ಕ್ರೆಡಿಟ್ ಎಂದು ಸಾವಿರ ಸಲ ಟೈಪ್ ಮಾಡಿರಬೇಕು. ಅದರ ಅರ್ಥ ನನಗೆ ಗೊತ್ತಿರಲಿಲ್ಲ.

“ಒಂದು ಮಾತ್ರೆ ಆರಿಸ್ಕೊಳ್ಳಿ,” ಎಂದರು ನರಸಿಂಹಯ್ಯನವರು. “ನುಂಗಿದಾಗಿನಿಂದ ಮೈ ಬಿಟ್ಟು ಹೋಗೋವರೆಗೂ ಅದಕ್ಕೆ ಏನೇನಾಗುತ್ತೆ, ಹೇಳಿ. ಇಂಗ್ಲಿಷ್ ಬೇಡ. ಕೌಂಟರಲ್ಲಿ ಹೇಳೋ ಹಾಗೆ ಹೇಳಿ.”

ಧನಲಕ್ಷ್ಮಿ ಸೆರಗು ಸರಿಮಾಡಿಕೊಂಡರು. “ಅಮ್ಲೊಡಿಪಿನ್ ತಗೋತೀನಿ ಸಾರ್. ಬಿ.ಪಿ. ಮಾತ್ರೆ. ನಮ್ಮಂಗಡೀಲಿ ದಿನಾ ಜಾಸ್ತಿ ಹೋಗೋದು ಅದೇ.”

ನನ್ನ ಪೆನ್ನು ನಿಂತಿತು. ಆ ದಿನ ಬೆಳಿಗ್ಗೆ ವಿದ್ಯಾರಣ್ಯಪುರದಲ್ಲಿ ಬಸ್ಸಿಗೆ ಹೊರಡುವ ಮುಂಚೆ ಅದೇ ಮಾತ್ರೆಯನ್ನು ಕಾಫಿಯ ಕೊನೇ ಗುಟುಕಿನ ಜೊತೆ ಗಂಟಲಿಗೆ ಎಸೆದುಕೊಂಡು ಬಂದಿದ್ದೆ. ಹನ್ನೊಂದು ವರ್ಷದಿಂದ ಹಾಗೇ ಎಸೆದುಕೊಳ್ಳುತ್ತಿದ್ದೇನೆ.

ಅವರು ಶುರುಮಾಡಿದರು. ಮಾತ್ರೆ ಹೊಟ್ಟೆಯಲ್ಲಿ ಒಡೆಯುತ್ತದೆ, ಕರಗುತ್ತದೆ, ಕರುಳಿನ ಗೋಡೆ ದಾಟುತ್ತದೆ. ದಾಟಿದ ತಕ್ಷಣ ಮೈಯೆಲ್ಲ ಓಡಾಡಲು ಅದನ್ನು ಬಿಡುವುದಿಲ್ಲ, ಮೊದಲು ಲಿವರಿಗೆ ಹೋಗಿ ಹಾಜರಿ ಹಾಕಬೇಕು. ಲಿವರು ತನ್ನ ಪಾಲು ಮುರಿದುಕೊಂಡು ಮಿಕ್ಕಿದ್ದನ್ನು ಮುಂದಕ್ಕೆ ಬಿಡುತ್ತದೆ. ರಕ್ತಕ್ಕೆ ಬಂದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಪ್ರೋಟೀನಿಗೆ ಅಂಟಿಕೊಂಡು ಸುಮ್ಮನೆ ತಿರುಗುತ್ತಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿ ಉಳಿದ ಆ ಚೂರು ಮಾತ್ರ.

“ಐದು ಮಿಲಿಗ್ರಾಂ ಅಂದ್ರೆ ಸಾರ್, ಉಗುರಿನ ತುದೀಲಿ ಕಾಣೋಷ್ಟೂ ಇರಲ್ಲ. ಅದರಲ್ಲಿ ಒಂದು ಚೂರು. ಆ ಚೂರು ರಕ್ತನಾಳದ ಗೋಡೇಲಿರೋ ಸ್ನಾಯು ಹತ್ರ ಹೋಗಿ, ಕ್ಯಾಲ್ಸಿಯಂ ಒಳಕ್ಕೆ ಬರೋ ಬಾಗಿಲಿಗೆ ಇಂಗೆ ಅಡ್ಡ ನಿಂತ್ಕೊಳ್ಳುತ್ತೆ.” ಅಂಗೈಯನ್ನು ಅಡ್ಡ ಹಿಡಿದು ತೋರಿಸಿದರು. ಅವರ ಊರಿನ ಮಾತು ತಾನೇ ತಾನಾಗಿ ಬಂದುಬಿಟ್ಟಿತ್ತು, ಯಾರೂ ನಗಲಿಲ್ಲ. “ಸ್ನಾಯು ಬಿಗಿ ಬಿಡುತ್ತೆ. ನಾಳ ಅಗಲ ಆಗುತ್ತೆ. ಒತ್ತಡ ಇಳಿಯುತ್ತೆ. ಗಡಿಬಿಡಿ ಇಲ್ಲ. ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನದ ಮೇಲೇ ತುದಿ ಮುಟ್ಟೋದು.”

ಗೋಡೆಯ ಗಡಿಯಾರ ನೋಡಿದೆ. ಮೂರೂ ಕಾಲು. ಅಂದರೆ ಈಗ, ನಾನು ಈ ಮುರುಕು ಕುರ್ಚಿಯಲ್ಲಿ ಕೂತಿರುವಾಗ, ನನ್ನೊಳಗೆ ಇದೆಲ್ಲ ನಡೆಯುತ್ತಿದೆ. ನನ್ನನ್ನು ಕೇಳದೆ, ನನಗೆ ತಿಳಿಸದೆ, ಸಾವಿರಾರು ಬಾಗಿಲಲ್ಲಿ ಯಾರೋ ಅಡ್ಡ ನಿಂತು ನನ್ನನ್ನು ಕಾಯುತ್ತಿದ್ದಾರೆ. ಗೊತ್ತಿಲ್ಲದೆ ನನ್ನ ಕೈ ಎದೆಯ ಮೇಲೆ ಹೋಯಿತು.

“ಒಬ್ಬರು ಬಂದು ಕೇಳ್ತಾರೆ, ನಿನ್ನೆ ಮಾತ್ರೆ ಮರೆತೆ, ಇವತ್ತು ಎರಡು ನುಂಗ್ಲಾ ಅಂತ. ಏನು ಹೇಳ್ತೀರಿ?” ಎಂದರು ನರಸಿಂಹಯ್ಯನವರು.

ಧನಲಕ್ಷ್ಮಿಯ ಮುಖ ಅರಳಿತು. “ಈ ಪ್ರಶ್ನೆಗೇ ಸಾರ್ ನಾನು ಓದಕ್ಕೆ ಬಂದಿದ್ದು. ಕೌಂಟರಲ್ಲಿ ದಿನಾ ಕೇಳೋರು. ಎರಡು ಬೇಡ ಅಂತ ಹೇಳ್ತಿದ್ದೆ. ಯಾಕೆ ಅಂದ್ರೆ ನನಗೇ ಗೊತ್ತಿರ್ಲಿಲ್ಲ. ಇಪ್ಪತ್ತು ವರ್ಷ ಗೊತ್ತಿಲ್ಲದೇನೇ ಹೇಳ್ದೆ.”

ಎದ್ದು ಬೋರ್ಡಿನ ಹತ್ತಿರ ಹೋದರು. ಈ ಮಾತ್ರೆ ಮೈಯಲ್ಲಿ ಅರ್ಧಕ್ಕೆ ಇಳಿಯಲು ಒಂದೂವರೆಯಿಂದ ಎರಡು ದಿನ ಬೇಕು. ನಲವತ್ತು ಗಂಟೆ ಎಂದು ಇಟ್ಟುಕೊಂಡರು. ಇವತ್ತಿನದರಲ್ಲಿ ಒಂದು ಪಾಲು ನಾಳೆಗೂ ಇರುತ್ತದೆ, ನಾಡಿದ್ದಿಗೂ ಇರುತ್ತದೆ. ದಿನಾ ಹೊಸದು ಸೇರುತ್ತಾ, ಹಳೆಯದು ಕಳೆಯುತ್ತಾ, ಎಂಟು ದಿನದ ಹೊತ್ತಿಗೆ ಒಳಗೆ ಬರುವುದೂ ಹೊರಗೆ ಹೋಗುವುದೂ ಸಮ ಆಗುತ್ತವೆ. ಅವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಏರಿತು, ಸ್ವಲ್ಪ ಇಳಿಯಿತು, ಮತ್ತೆ ಏರಿತು, ಹಾಗೇ ಹೋಗಿ ಒಂದು ಮಟ್ಟದಲ್ಲಿ ಸಣ್ಣ ಸಣ್ಣ ಅಲೆಯಾಗಿ ನಿಂತಿತು.

“ಒಂದು ದಿನ ಮರೆತ್ರೆ ಖಾಲಿ ಆಗಲ್ಲ. ಮೂರರಲ್ಲಿ ಎರಡು ಪಾಲು ಇನ್ನೂ ಒಳಗಿರುತ್ತೆ. ಹೋದ ವಾರದ ಮಾತ್ರೆಗಳು ಇವತ್ತಿನ ಕೆಲಸ ಮಾಡ್ತಿರ್ತವೆ. ಅದರ ಮೇಲೆ ಎರಡು ನುಂಗಿದ್ರೆ ಒತ್ತಡ ಬೇಕಾದ್ದಕ್ಕಿಂತ ಇಳಿದು ತಲೆ ಸುತ್ತಬಹುದು. ಮಾಮೂಲಿ ಹೊತ್ತಿಗೆ ಒಂದೇ ತಗೊಳ್ಳಿ ಅಂತೀನಿ.”

ನಾನು ಆ ಗೆರೆಯನ್ನೇ ನೋಡುತ್ತಿದ್ದೆ. ಹೇಳಲು ನಾಚಿಕೆಯಿಲ್ಲ, ಕಣ್ಣು ತುಂಬಿತ್ತು. ಅದು ನನ್ನ ಹನ್ನೊಂದು ವರ್ಷದ ಗೆರೆ. ಊರಿಗೆ ಹೋದಾಗ ಸ್ಟ್ರಿಪ್ ಮರೆತು ಎರಡು ದಿನ ಮಾತ್ರೆ ಇಲ್ಲದೆ ಇದ್ದು, ಏನೂ ಆಗಲಿಲ್ಲ ನೋಡು ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದೆ. ನನ್ನ ಜಂಬವನ್ನು ಕಾದದ್ದು ಹೋದ ವಾರದ ಮಾತ್ರೆ. ಇಷ್ಟು ದೊಡ್ಡದೊಂದು ನನ್ನ ಮೇಜಿನ ಮೇಲೆ ಮೂರು ಕ್ರೆಡಿಟ್ ಎಂಬ ಹೆಸರಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಇದು ಈ ಹೆಂಗಸಿನ ಕೈಲಾಗದು ಎಂದು ಟಿಕ್ ಹಾಕಿದವನು ನಾನು. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ.

ಇನ್ನೂ ಅರ್ಧ ಗಂಟೆ ಪ್ರಶ್ನೆ ನಡೆಯಿತು. ಲಿವರು ಸೋತವರಿಗೆ ಡೋಸು ಹೇಗೆ, ವಯಸ್ಸಾದವರಿಗೆ ಹೇಗೆ. ಎಲ್ಲ ಹೇಳಿದರು. ಗೊತ್ತಿಲ್ಲದ ಒಂದಕ್ಕೆ ಗೊತ್ತಿಲ್ಲ ಎಂದರು. ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, ಅರ್ಜಿಯನ್ನು ಎಳೆದುಕೊಂಡರು.

“ಎಲ್ಲ ಚೆನ್ನಾಗಿದೆ. ಇದೊಂದು ನೋಡಿ. ‘ಕಾರಣಾಂತರಗಳಿಂದ ಗ್ರೇಡಿಗಾಗಿ ದಾಖಲಾಗದೆ’ ಅಂತ ಇದೆ. ಏನು ಕಾರಣ?”

ಮೂವತ್ತೊಂದು ವರ್ಷದಲ್ಲಿ ಆ ಪದದ ಹಿಂದೆ ಹೋಗಿ ಕೇಳಿದ ಮೊದಲ ಮನುಷ್ಯ ಇವರು.

“ಪಾಸಿಗಾಗಿ ಅಂತ ನೀವೇ ಆರಿಸ್ಕೊಂಡಿದ್ರಾ?” ಎಂದು ಧನಲಕ್ಷ್ಮಿಯನ್ನು ಕೇಳಿದರು.

“ಫಾರಂಗೆ ಸೈನ್ ಮಾಡಿದ್ದು ನಾನೇ ಸಾರ್.”

“ಹಾಗಾದ್ರೆ ನಿಮ್ಮ ಆಯ್ಕೆ ಆಯ್ತಲ್ಲ. ಷರತ್ತು ಓದಿದೀರಾ? ಸ್ವಂತ ಆಯ್ಕೆ ಆಗಿದ್ರೆ ಈ ಪರೀಕ್ಷೆನೇ ನಡೆಸೋ ಹಾಗಿಲ್ಲ.” ಅವರಿಗೂ ಬೇಜಾರಾಗಿತ್ತು, ಆದರೆ ಅವರೂ ನನ್ನ ಹಾಗೇ ನಿಯಮದ ಮನುಷ್ಯರು. ಅನೀಸಾ ಮೇಡಂ ಷರತ್ತನ್ನು ಮತ್ತೊಮ್ಮೆ ಓದಿ, “ಹೌದು ಸಾರ್, ಹಾಗೇ ಇದೆ,” ಎಂದು ಮೆಲ್ಲಗೆ ಹೇಳಿದರು. ಧನಲಕ್ಷ್ಮಿ ಬೋರ್ಡಿನ ಹತ್ತಿರವೇ ನಿಂತಿದ್ದರು, ಕೈಯಲ್ಲಿ ಇನ್ನೂ ಮಾರ್ಕರ್ ಇತ್ತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ನಾನು ಎದ್ದು ನಿಂತೆ.

“ಟಿಕ್ ಹಾಕಿದ್ದು ನಾನು ಸಾರ್,” ಎಂದೆ. “ಅವರನ್ನ ಕೇಳ್ಲಿಲ್ಲ. ನೋಡ್ದೆ, ಇವರ ಕೈಲಾಗಲ್ಲ ಅಂದ್ಕೊಂಡೆ, ಹಾಕ್ದೆ. ಆಮೇಲೆ ಗ್ರೇಡ್ ಬಂದಿಲ್ಲ ಅಂತ ಕೇಳಕ್ಕೆ ಬಂದಾಗ್ಲೂ ವಾಪಸ್ ಕಳಿಸ್ದೆ. ಈ ಅರ್ಜೀಲಿ ಕಾರಣಾಂತರ ಅಂತ ಟೈಪ್ ಮಾಡಿದ್ದೂ ನಾನೇ. ಆ ಕಾರಣ ನಾನು.”

ಅನೀಸಾ ಮೇಡಂ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದರು. ನರಸಿಂಹಯ್ಯನವರು ಅರ್ಜಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಈಗ ಹೇಳಿದ್ದನ್ನ ನಡಾವಳೀಲಿ ಬರೀರಿ,” ಎಂದರು. “ನಿಮ್ಮ ಹೆಸರು ಸೇರಿಸಿ ಬರೀರಿ.”

ಬರೆದೆ. ಒಂದೂ ಮಾತು ಬಿಡಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಅವರು ಹೇಳಿದಂತೆ ಗ್ರೇಡು ಬರೆದೆ. ಎ.

ಸಂಜೆ ಐದಕ್ಕೆ ಗೇಟಿನ ಆಚೆ ಬಸ್ ಸ್ಟಾಪಿನಲ್ಲಿ ಧನಲಕ್ಷ್ಮಿ ನಿಂತಿದ್ದರು. ತಪ್ಪಿಸಿಕೊಂಡು ಹೋಗೋಣ ಎನ್ನಿಸಿತು, ಕಾಲು ಅತ್ತಲೇ ನಡೆಯಿತು.

“ನಾನು ಕರೆಸಿದ ದಿನಾನೇ ಜಗಳ ಆಡ್ಬಹುದಿತ್ತಲ್ಲ ಮೇಡಂ. ನನ್ನ ಹೆಸರು ಹೇಳ್ಬಹುದಿತ್ತು,” ಎಂದೆ. ಅಮ್ಮ ಎನ್ನಲು ಬಾಯಿ ಬರಲಿಲ್ಲ.

“ಓದ್ದೆ ಸೈನ್ ಹಾಕಿದ್ದು ನನ್ ತಪ್ಪು ಸಾರ್. ಅದನ್ನ ನಾನು ಹೇಳ್ದೆ. ನಿಮ್ದನ್ನ ನಾನು ಹೆಂಗೆ ಹೇಳ್ಲಿ?” ಎಂದು ರಸ್ತೆಯ ಕಡೆ ನೋಡಿದರು. ಆಮೇಲೆ, “ನಿಮಗೊಂದು ಕೇಳ್ಲಾ? ನೀವೂ ಅಮ್ಲೊಡಿಪಿನ್ ತಗೋತೀರಾ? ನಾನು ಹೇಳ್ತಿರ್ಬೇಕಾದ್ರೆ ಬರೆಯೋದು ಬಿಟ್ಟು ಎದೆ ಮುಟ್ಕೊಂಡ್ರಿ,” ಎಂದರು.

“ಹನ್ನೊಂದು ವರ್ಷದಿಂದ.”

“ಎಷ್ಟು ಮಿಲಿಗ್ರಾಂ?”

“ಈಗ ಮೂರು ವರ್ಷದಿಂದ ಹತ್ತು.”

“ಪಾದ ಊದೋದು ಅದಾದ ಮೇಲೇನಾ?”

ಬಗ್ಗಿ ನೋಡಿಕೊಂಡೆ. ಚಪ್ಪಲಿಯ ಪಟ್ಟಿ ಎರಡೂ ಕಡೆ ಮಾಂಸಕ್ಕೆ ಕಚ್ಚಿ ಕೂತಿತ್ತು. ಕುರ್ಚಿಯಲ್ಲಿ ಕೂತು ಕೂತು ಹೀಗಾಗಿದೆ ಎಂದು ನಾನೂ ನನ್ನ ಹೆಂಡತಿಯೂ ಒಪ್ಪಿಕೊಂಡು ಸುಮ್ಮನಿದ್ದೆವು.

“ಕೂತಿದ್ದಕ್ಕೂ ಇರ್ಬಹುದು, ಬೇರೆ ಏನಾದ್ರೂ ಇರ್ಬಹುದು. ಆ ಮಾತ್ರೆ ಹತ್ತು ಆದಾಗ ಕೆಲವರಿಗೆ ಇಂಗೆ ಆಗುತ್ತೆ. ನೀವಾಗೇ ನಿಲ್ಲಿಸ್ಬೇಡಿ. ಈ ವಾರಾನೇ ಡಾಕ್ಟ್ರಿಗೆ ಪಾದ ತೋರಿಸಿ, ಅವರು ಬದಲಾಯಿಸಿ ಕೊಡ್ತಾರೋ ನೋಡಿ.”

“ನೀವು ಯಾವಾಗ ಗಮನಿಸಿದ್ರಿ?”

“ಎರಡು ವರ್ಷ ಆಯ್ತು ಸಾರ್. ಫೀಸ್ ರಸೀದಿ ಕೊಡಕ್ಕೆ ಬಂದಾಗ.”

“ಅವತ್ತೇ ಹೇಳ್ಬಾರ್ದಿತ್ತಾ?”

“ಕಾಲು ನೋಡ್ದೆ ಅಷ್ಟೇ. ಏನು ಮಾತ್ರೆ ತಗೋತೀರಾ, ಎಷ್ಟು ದಿನದಿಂದ, ಏನೂ ಗೊತ್ತಿರ್ಲಿಲ್ಲ. ಕೇಳೋಣ ಅಂದ್ರೆ ನೀವು ತಲೆ ಎತ್ತೋರಲ್ಲ.” ನಕ್ಕರು. “ಬರೀ ನೋಡಿ ಹೇಳ್ಬಾರ್ದು ಸಾರ್. ಕೌಂಟರಲ್ಲಿ ಮೊದಲು ಕಲಿಯೋದೇ ಅದು. ಕೇಳಿ ತಿಳ್ಕೊಂಡು ಹೇಳ್ಬೇಕು.”

ಮಾತಿನಲ್ಲಿ ಎಲ್ಲೂ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸು ಬಂತು, ಅವರು ಹತ್ತಿ ಕಿಟಕಿಯಿಂದ ಕೈಬೀಸಿ, ಡಾಕ್ಟರ ಹತ್ತಿರ ಹೋಗುವುದನ್ನು ಮತ್ತೊಮ್ಮೆ ನೆನಪಿಸಿದರು. ನಾಲ್ಕು ವರ್ಷದ ಹಿಂದೆ ಇವರು ನನ್ನ ಮೇಜಿನ ಮುಂದೆ ಕೂತಿದ್ದಾಗ ನಾನು ಇವರನ್ನು ಒಂದು ಮಾತೂ ಕೇಳಿರಲಿಲ್ಲ.